ಅಪ್‌ಡೇಟ್: ಮೇಪಲ್ ಫಡ್ಜ್ ಈ ಸಲ ಮೆತ್ತಗೆ ಬಂತು

ರೆಸಿಪಿಯಲ್ಲಿದ್ದ ಹಾಗೇ 115 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸಿದರೂ ಫಡ್ಜ್ (ಪಾಕ, ಕ್ರೀಮ್ ಕುದಿಸಿ ಮಾಡುವ ಮೆತ್ತನೆ ಮಿಠಾಯಿ) ಯಾಕೆ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ ಅಂತ ಕೇಳಿದ್ದೆನಲ್ಲ? ‘ನಿಮ್ಮ ಊರಿನ ಎತ್ತರ ನೋಡಿ’ ಅಂದವರ ಮಾತೇ ನಿಜವಾಯಿತು. ನಾನಿರುವ ಕೆನಡಾದ ಕ್ಯಾಲ್ಗರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಪಾಕ 115 ಮುಟ್ಟುವಷ್ಟರಲ್ಲಿ ನೀರಿನಂಶ ಜಾಸ್ತಿನೇ ಆರಿಹೋಗಿರುತ್ತದೆ.

ಈ ಸಲ ಎರಡು ಕಪ್ ಡಾರ್ಕ್ ಮೇಪಲ್ ಸಿರಪ್ (ಮೇಪಲ್ ಮರದ ರಸ ಕಾಯಿಸಿದ ಪಾಕ), ಒಂದು ಕಪ್ ಕ್ರೀಮ್, ಸ್ವಲ್ಪ ಬೆಣ್ಣೆ ಹಾಕಿ 111 ಡಿಗ್ರಿ ಆದಾಗಲೇ ಒಲೆಯಿಂದ ಇಳಿಸಿದೆ. ಪಾತ್ರೆ ಮಾತ್ರ ಎತ್ತರದ್ದೇ ಇರಲಿ, ಸಿಕ್ಕಾಪಟ್ಟೆ ಉಕ್ಕುತ್ತದೆ! ತಣ್ಣೀರಿಗೆ ಒಂದು ಹನಿ ಬಿಟ್ಟೂ ನೋಡಿದೆ, ನಮ್ಮ ಬೆಲ್ಲದ ಪಾಕ ನೋಡುವ ಹಾಗೆ. ಮೆತ್ತನೆ ಉಂಡೆಯಾಯಿತು. ಆಮೇಲೆ 45 ಡಿಗ್ರಿಗೆ ಆರುವ ತನಕ ಸೌಟು ಹಾಕಲೇ ಇಲ್ಲ. ಬಿಸಿಯಲ್ಲೇ ತಿರುವಿದರೆ ಸಕ್ಕರೆ ದಪ್ಪ ಹರಳು ಕಟ್ಟುತ್ತದೆ, ಅದೇ ನಾಲಿಗೆಗೆ ಮರಳಿನ ಹಾಗೆ ಸಿಗೋದು. ಆರಿದ ಮೇಲೆ ಹೊಳಪು ಹೋಗುವವರೆಗೆ ತಿರುವಬೇಕು. ಕೈ ಬಿದ್ದೇ ಹೋಗುತ್ತದೆ, ಬಿಡಿ.

ಮೇಪಲ್ ಸಿರಪ್ ಬದಲು ಅಗ್ಗದ ಪ್ಯಾನ್‌ಕೇಕ್ ಸಿರಪ್ ಆಗುತ್ತಾ ಅಂತ ಒಬ್ಬರು ಕೇಳಿದ್ದರು. ಬೇಡ. ಅದು ಹೆಚ್ಚಾಗಿ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿ ಪಾಕ), ಸರಿಯಾಗಿ ಹರಳುಗಟ್ಟುವುದಿಲ್ಲ.