‘ನಂಜಾಗಿದೆ’ ಎಂದರೆ ಏನಾಗಿದೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಅಮ್ಮನ ಕಾಲಿಗೆ ಮುಳ್ಳು ಚುಚ್ಚಿ ಬಾತುಕೊಂಡಿದೆ, ಕೀವು ಕಾಣುತ್ತಿದೆ. ‘ನಂಜಾಗಿದೆ, ಬದನೆಕಾಯಿ ಕೊಡಬೇಡ’ ಎನ್ನುತ್ತಾರೆ ಸೋದರತ್ತೆ. ಈ ನಂಜು ಎಂದರೇನು? ಆಸ್ಪತ್ರೆಯಲ್ಲಿ ಹೇಳುವ ಸೆಪ್ಸಿಸ್ ಎಂದರೆ ಇದೇ ಏನು?

ವೈದ್ಯರ ಉತ್ತರ: ನಂಜು ಎಂದರೆ ವಿಷ. ಅಚ್ಚ ದ್ರಾವಿಡ ಪದ, ತಮಿಳಿನಲ್ಲೂ ಇದೆ. ಹಾಲಾಹಲ ಕುಡಿದ ಶಿವ ನಂಜುಂಡನಾದದ್ದು ಈ ಪದದಿಂದಲೇ. ಗಾಯದ ಸುತ್ತ ಕೆಂಪೇರಿ, ಬಾವು ಮೇಲಕ್ಕೆ ಹಬ್ಬುವುದನ್ನು ಕಂಡವರಿಗೆ ವಿಷವೇರುತ್ತಿದೆ ಎನಿಸುವುದು ಸಹಜ.

ಸೆಪ್ಸಿಸ್ ಗ್ರೀಕ್ ಪದ. ಅರ್ಥ, ಕೊಳೆಯುವುದು. ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನ ವೈದ್ಯಗ್ರಂಥಗಳಲ್ಲೇ ಅದು ಬರುತ್ತದೆ. ಕೊಳೆಯುವಿಕೆಯ ಹಿಂದೆ ಸೂಕ್ಷ್ಮಜೀವಿಗಳಿವೆ ಎಂದು ತೋರಿಸಿದವರು ಫ್ರೆಂಚ್ ವಿಜ್ಞಾನಿ ಲೂಯಿ ಪ್ಯಾಶ್ಚರ್. ಅದನ್ನು ಓದಿದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಮೂಳೆ ಮುರಿದು ಚರ್ಮ ಹರಿದ ಗಾಯಗಳಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಾರ್ಬಾಲಿಕ್ ಆಮ್ಲ ಬಳಸಿ, 1867ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಷ್ಟು ಕಾಲುಗಳನ್ನು ಕತ್ತರಿಸುವುದು ತಪ್ಪಿತೋ! ಆ ಬಗೆಯ ಔಷಧಿಯನ್ನೇ ಇಂಗ್ಲಿಷಿನಲ್ಲಿ ಆ್ಯಂಟಿಸೆಪ್ಟಿಕ್ ಎಂದೂ ನಮ್ಮ ಪಠ್ಯಗಳಲ್ಲಿ ನಂಜುನಿರೋಧಕ ಎಂದೂ ಕರೆಯುವುದು.

ಆದರೆ ಇಂದು ನಂಜು, ಸೆಪ್ಸಿಸ್ ಎರಡೂ ಒಂದಲ್ಲ. ನಿಮ್ಮ ಅತ್ತೆ ಹೇಳುತ್ತಿರುವುದು ಗಾಯದ ಸೋಂಕನ್ನು. ಸೋಂಕಿನ ವಿರುದ್ಧ ಹೋರಾಡುವ ದೇಹವೇ ಹದ ತಪ್ಪಿ, ಅಂಗಾಂಗಗಳು ಸೋತು ಪ್ರಾಣಕ್ಕೆ ಕುತ್ತು ಬಂದರೆ ಅದು ಸೆಪ್ಸಿಸ್. 2016ರಿಂದ ಇದೇ ವ್ಯಾಖ್ಯೆ ಬಳಕೆಯಲ್ಲಿದೆ. ಚಳಿಜ್ವರ, ಏದುಸಿರು, ಮಾತಿನಲ್ಲಿ ಗೊಂದಲ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಬ್ಬ ಮಹಿಳೆ: ಸರ್, ತಂಗಿಗೆ ಏಳು ತಿಂಗಳು. ಬಿ.ಪಿ. ಏರಿದೆ. ‘ಗರ್ಭಿಣಿ ನಂಜು’ ಎಂದರು ನರ್ಸ್. ಅದೂ ಸೋಂಕೇ?

ವೈದ್ಯರು: ಅಲ್ಲಮ್ಮ. ಅದು ಪ್ರಿ-ಎಕ್ಲಾಂಪ್ಸಿಯಾ, ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಅಂಗಾಂಗಗಳಿಗೆ ತೊಂದರೆ ಕೊಡುವ ಕಾಯಿಲೆ. ಹಿಂದೆ ವೈದ್ಯರೂ ಅದನ್ನು ಟಾಕ್ಸೀಮಿಯಾ, ಅಂದರೆ ರಕ್ತದಲ್ಲಿ ವಿಷ, ಎಂದೇ ಕರೆಯುತ್ತಿದ್ದರು. ಅಂಥ ವಿಷ ಯಾವುದೂ ಸಿಗಲಿಲ್ಲ, ಹೆಸರು ಮಾತ್ರ ಉಳಿಯಿತು. ಆ್ಯಂಟಿಬಯೋಟಿಕ್‌ನಿಂದ ಅದು ಹೋಗುವುದಿಲ್ಲ. ತೀವ್ರ ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ತಡಮಾಡದೆ ಹೆರಿಗೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಬದನೆಕಾಯಿ?

ವೈದ್ಯರು: ಧಾರಾಳವಾಗಿ ಕೊಡಿ. ಬದನೆಕಾಯಿ ತಿಂದು ಗಾಯ ಕೀವಾಗುವುದಿಲ್ಲ, ಬಿಟ್ಟರೆ ವಾಸಿಯೂ ಆಗುವುದಿಲ್ಲ. ಪಥ್ಯ ನಂಬಿಕೊಂಡು ಎರಡು ದಿನ ಕಾಯುವುದೇ ಅಪಾಯ. ಮುಳ್ಳಿನ ತುಂಡು ಒಳಗೇ ಉಳಿದಿರಬಹುದು, ನಾಳೆ ಬೆಳಿಗ್ಗೆಯೇ ತೋರಿಸಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೇ? ಧನುರ್ವಾಯುವಿನ ಚುಚ್ಚುಮದ್ದು ಕೊನೆಯ ಬಾರಿ ಹಾಕಿಸಿದ್ದು ಯಾವಾಗ?