ಅಡಿಕೆ ಒಲೆಯ ಸೌದೆ ಸೀಳಲು ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಸಾಕೇ, ಪಿಟಿಒ ಪಂಪ್ ಬೇಕೇ?

ತೀರ್ಥಹಳ್ಳಿ_ತೋಟ:
ಮಾನ್ಯರೇ, ಕೊನೆಕೊಯ್ಲು ಶುರುವಾದ ಮೇಲೆ ಅಡಿಕೆ ಬೇಯಿಸುವ ಒಲೆಗೆ ನಮಗೆ ದಿನವೂ ಸೌದೆ ಬೇಕು. ಅಕೇಶಿಯಾ ಮತ್ತು ಸಿಲ್ವರ್ ಓಕ್ ದಿಮ್ಮಿಗಳು ಅಂಗಳದಲ್ಲಿ ರಾಶಿ ಬಿದ್ದಿದ್ದರೂ ಕೊಡಲಿ ಹಿಡಿಯುವವರು ಸಿಗುತ್ತಿಲ್ಲ. ಮನೆಯಲ್ಲಿ 39 ಎಚ್‌ಪಿ ಟ್ರ್ಯಾಕ್ಟರ್ ಇದ್ದು, ಟಿಪ್ಪಿಂಗ್ ಟ್ರೈಲರ್‌ಗಾಗಿ ಒಂದು ಎಣ್ಣೆ ಪೈಪಿನ ಸಂಪರ್ಕವಿದೆ. ವರ್ಕ್‌ಶಾಪಿನವರೊಬ್ಬರು 100 ಮಿ.ಮೀ. ಒಳವ್ಯಾಸದ ಸಿಲಿಂಡರ್ ಹಾಕಿ, ಬೆಣೆ 600 ಮಿ.ಮೀ. ಚಲಿಸುವಂತೆ ಯಂತ್ರ ಮಾಡಿಕೊಡಲು ಒಪ್ಪಿದ್ದಾರೆ. ಇದನ್ನು ಟ್ರ್ಯಾಕ್ಟರ್‌ನ ಹೈಡ್ರಾಲಿಕ್‌ನಿಂದಲೇ ನಡೆಸಬಹುದೇ, ಅಥವಾ ಪಿಟಿಒ (ಎಂಜಿನ್ ತಿರುಗಿಸುವ, ಟ್ರ್ಯಾಕ್ಟರ್ ಹಿಂಬದಿಯ ದಂಡ) ಮೇಲೆ ಬೇರೆ ಪಂಪ್ ಕೂರಿಸಬೇಕೇ? ಪಿಟಿಒಗೆ ನೇರವಾಗಿ ಜೋಡಿಸುವ, ತಿರುಗುತ್ತಾ ದಿಮ್ಮಿಯೊಳಗೆ ಕೊರೆದು ಸೀಳುವ ತಿರುಪಿನ ಶಂಕು ಅಗ್ಗವೆಂದೂ ಕೆಲವರು ಹೇಳುತ್ತಾರೆ.

ಸಾಗರ_ಮೆಕ್ಯಾನಿಕ್:
ಸೀಳುವ ಬಲ ಎಣ್ಣೆಯ ಒತ್ತಡದಿಂದ ಬರುತ್ತದೆ, ವೇಗ ಅದರ ಹರಿವಿನಿಂದ ಬರುತ್ತದೆ. ಇವೆರಡನ್ನು ಬೆರೆಸಿ ನೋಡುವುದರಿಂದಲೇ ಗೊಂದಲವಾಗುತ್ತದೆ. ನೀವು ಹೇಳಿದ ಸಿಲಿಂಡರ್‌ನ ಅಡ್ಡಕೊಯ್ತ 78.5 ಚದರ ಸೆಂ.ಮೀ., ಆದ್ದರಿಂದ 150 ಬಾರ್ ಒತ್ತಡದಲ್ಲಿ ಸುಮಾರು 12 ಟನ್ ಬಲ ದೊರೆಯುತ್ತದೆ. ನೇರ ಎಳೆಯ ಸಿಲ್ವರ್ ಓಕ್‌ಗೆ ಇಷ್ಟು ಸಾಕು, ಗಂಟು ತುಂಬಿದ ಅಕೇಶಿಯಾ ಬುಡಕ್ಕೆ ಸಾಲದೆ ಹೋಗಬಹುದು. ಬೆಣೆ ಪೂರ್ತಿ ಮುಂದೆ ಹೋಗಲು 4.7 ಲೀಟರ್ ಎಣ್ಣೆ ಬೇಕು. ನಿಮ್ಮ ಪಂಪ್ ಎಷ್ಟು ಕೊಡುತ್ತದೆಂದು ಊಹಿಸುವ ಬದಲು ಎಣ್ಣೆ ಬಿಸಿಯಾದ ಮೇಲೆ, ಕೆಲಸದ ವೇಗದಲ್ಲಿ ಎಂಜಿನ್ ಇಟ್ಟು, ಟಿಪ್ಪಿಂಗ್ ಪೈಪಿನ ತುದಿಯನ್ನು ಶುಚಿಯಾದ ಡ್ರಮ್ಮಿಗೆ ಭದ್ರವಾಗಿ ಕಟ್ಟಿ 15 ಸೆಕೆಂಡು ಬಿಟ್ಟು ಅಳೆಯಿರಿ.

ಶಂಕುವಿನ ವಿಚಾರ ಬಿಟ್ಟುಬಿಡಿ. 540 ಆರ್‌ಪಿಎಂ ಎಂದರೆ ಸೆಕೆಂಡಿಗೆ 9 ಸುತ್ತು. ಸಿಕ್ಕಿಕೊಂಡ ದಿಮ್ಮಿ ತಿರುಗಿ ಬೀಸಿದರೆ, ಅಥವಾ ಪಂಚೆಯ ಅಂಚು ಸುತ್ತಿಕೊಂಡರೆ, ಕ್ಲಚ್ ತುಳಿಯಲು ಟ್ರ್ಯಾಕ್ಟರ್ ಮೇಲೆ ಯಾರೂ ಇರುವುದಿಲ್ಲ.

ಕೊಪ್ಪ_ಎಸ್ಟೇಟ್:
ನಾವು ಪಿಟಿಒ ಪಂಪ್ ಬಳಸುತ್ತೇವೆ. 1:3 ಗೇರ್ ಬಾಕ್ಸ್ 540 ಸುತ್ತನ್ನು 1620ಕ್ಕೆ ಏರಿಸುತ್ತದೆ. ಸುತ್ತಿಗೆ 40 ಸಿಸಿ ತಳ್ಳುವ ಗೇರ್ ಪಂಪ್ ಇದ್ದರೆ ನಿಮಿಷಕ್ಕೆ ಸುಮಾರು 60 ಲೀಟರ್ ಸಿಗುತ್ತದೆ, ಬೆಣೆ ಐದು ಸೆಕೆಂಡಿನೊಳಗೆ ಮುಂದೆ ಬರುತ್ತದೆ. ಪೂರ್ಣ ಒತ್ತಡದಲ್ಲಿ ಇದು 24 ಎಚ್‌ಪಿಯಷ್ಟು ಎಳೆಯುವುದರಿಂದ ನಿಮ್ಮ ಟ್ರ್ಯಾಕ್ಟರ್‌ಗೆ ಹೊರೆಯಲ್ಲ. ಆದರೆ ಗೇರ್ ಬಾಕ್ಸ್, ಪಂಪ್, ಪ್ರತ್ಯೇಕ ಎಣ್ಣೆ ಟ್ಯಾಂಕ್ ಎಲ್ಲಕ್ಕೂ ಹಣ ಸುರಿಯಬೇಕಾಗುತ್ತದೆ. ಸೌದೆ ಮಾರುವವರಿಗೆ ಅದು ಗಿಟ್ಟುತ್ತದೆ, ಒಂದು ಮನೆಯ ಒಲೆಗೆ ಗಿಟ್ಟುವುದಿಲ್ಲ ಎಂದು ನನ್ನ ಎಣಿಕೆ.

ತೀರ್ಥಹಳ್ಳಿ_ತೋಟ:
ಅಳೆದು ನೋಡಿದೆ. 15 ಸೆಕೆಂಡಿಗೆ 5 ಲೀಟರ್ ಬಂತು. ಅಂದರೆ ಬೆಣೆ ಹೋಗಲು 14 ಸೆಕೆಂಡು. ಅಷ್ಟರಲ್ಲಿ ಇನ್ನೊಂದು ದಿಮ್ಮಿ ಎತ್ತಿಕೊಳ್ಳಬಹುದು, ಅವಸರವಿಲ್ಲ. ಹೈಡ್ರಾಲಿಕ್‌ನಿಂದಲೇ ಮಾಡಿಸುತ್ತೇನೆ. ಇರುವುದು ಒಂದೇ ಪೈಪ್. ಮರಳುವ ಎಣ್ಣೆಯನ್ನು ಎಲ್ಲಿಗೆ ಬಿಡಬೇಕು?

ಸಾಗರ_ಮೆಕ್ಯಾನಿಕ್:
ಎರಡೂ ಕಡೆ ತಳ್ಳುವ ಸಿಲಿಂಡರ್‌ಗೆ ಮರಳು ದಾರಿ ಮುಖ್ಯ. ಅದನ್ನು ದಪ್ಪ ಹೋಸ್‌ನಲ್ಲಿ, ನಡುವೆ ಫಿಲ್ಟರ್ ಇಟ್ಟು, ಹೈಡ್ರಾಲಿಕ್ ಎಣ್ಣೆ ತುಂಬುವ ಬಾಯಿಗೆ ಸೇರಿಸಿ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ ಇರುವುದರಿಂದ ಹೊಸ ಪೈಪಿನೊಳಗೆ ಉಳಿದ ವೆಲ್ಡಿಂಗ್ ಚೂರು ನೇರವಾಗಿ ಗೇರಿನ ಹಲ್ಲಿಗೆ ಹೋದೀತು. ಸಿಲಿಂಡರ್ ತುಂಬಿದ ಮೇಲೆ ಎಣ್ಣೆಯ ಮಟ್ಟ ನೋಡಿ, ಕಡಿಮೆಯಾದಷ್ಟನ್ನು ಹಾಕಿ. ಬೆಣೆಯ ವಾಲ್ವ್ ಓಪನ್ ಸೆಂಟರ್ ಮಾದರಿಯದೇ (ಲಿವರ್ ಮಧ್ಯದಲ್ಲಿದ್ದಾಗ ಎಣ್ಣೆಯನ್ನು ಸುಮ್ಮನೆ ಮರಳಲು ಬಿಡುವಂಥದ್ದು) ಆಗಿರಲಿ. ಮಧ್ಯದಲ್ಲಿ ಮುಚ್ಚಿಕೊಳ್ಳುವ ವಾಲ್ವ್ ಹಾಕಿ ಟಿಪ್ಪಿಂಗ್ ಲಿವರ್ ತೆರೆದಿಟ್ಟರೆ, ಒತ್ತಡ ಮಿತಿ ಮೀರಿದಾಗ ಎಣ್ಣೆ ಹೊರಬಿಡುವ ರಿಲೀಫ್ ವಾಲ್ವ್ ಸದಾ ಕಿರುಚುತ್ತಾ ಎಣ್ಣೆ ಬಿಸಿಯಾಗುತ್ತದೆ.

ಮರಳು ದಾರಿಯಲ್ಲಿ ಕ್ವಿಕ್ ಕಪ್ಲರ್ (ಒತ್ತಿ ಕೂರಿಸುವ, ಬೇಗ ಬಿಚ್ಚುವ ಪೈಪ್ ಜೋಡಣೆ) ಬೇಡ. ನಾನೇ ಒಮ್ಮೆ ಹಾಕಿ, ಅದು ಸರಿಯಾಗಿ ಕೂರದೆ ದಾರಿ ಮುಚ್ಚಿಹೋಗಿ, ಹೋಸ್ ಒಡೆದು ಮೈಮೇಲೆಲ್ಲ ಬಿಸಿ ಎಣ್ಣೆ ಚಿಮ್ಮಿತ್ತು. ರಾಡ್ 50 ಮಿ.ಮೀ. ದಪ್ಪವಿದ್ದರೆ ಆ ಬದಿಯ ವಿಸ್ತೀರ್ಣ 59 ಚದರ ಸೆಂ.ಮೀ. ಮಾತ್ರ, ದಾರಿ ಮುಚ್ಚಿದಾಗ ಪಿಸ್ಟನ್‌ನ ಹಿಂಬದಿಯ 150 ಬಾರ್ ಮುಂಬದಿಯಲ್ಲಿ 200 ಬಾರ್ ಆಗಿ ನಿಲ್ಲುತ್ತದೆ, ಮರಳು ಹೋಸ್ ಅದನ್ನು ತಾಳುವುದಿಲ್ಲ. ಲಿವರನ್ನು ದಿಮ್ಮಿ ಇಡುವ ಜಾಗದಿಂದ ಕೈ ಎಟುಕದಷ್ಟು ದೂರದಲ್ಲಿ ಕೂರಿಸಲು ವರ್ಕ್‌ಶಾಪಿನವರಿಗೆ ಮೊದಲೇ ಹೇಳಿ. ದಿಮ್ಮಿ ಇಟ್ಟವನೇ ಕೈ ತೆಗೆದು ಬಂದು ಲಿವರ್ ಒತ್ತಬೇಕು, ಇಬ್ಬರು ಸೇರಿ ನಡೆಸಬಾರದು.