ಹಳೆ ಜಿನ್ನಿಂಗ್ ಮಿಲ್ ಜಾಗ: ಭಾನುವಾರ ಎಲ್ಲರೂ ಬನ್ನಿ

3ನೇ ಕ್ರಾಸ್, ಮೂಲೆಮನೆ:
ನಮಸ್ಕಾರ. ಬೆಟಗೇರಿ ರಸ್ತೆಯ ಹಳೆ ಜಿನ್ನಿಂಗ್ ಮಿಲ್‌ನ (ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಗಿರಣಿ) ಹಿಂದಿನ ಗೋಡೆ ನಿನ್ನೆ ಮತ್ತೆ ಒಂದು ಮಾರು ಕುಸಿದಿದೆ. ಹುಡುಗರು ಅದೇ ಸಂದಿಯಿಂದ ನುಗ್ಗಿ ಚೆಂಡು ತರುತ್ತಾರೆ, ಒಳಗೆ ಪೂರ್ತಿ ಜಾಲಿ, ಹಾವಿನ ಕಾಟ ಬೇರೆ. ಎರಡು ಸಲ ಅರ್ಜಿ ಕೊಟ್ಟೆವು, ಯಾರೂ ಬಂದು ನೋಡಲಿಲ್ಲ. ಈಗ ಜಾಗ ಅಳೆಯೋಕೆ ಮಾತ್ರ ಜನ ಬಂದಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ ಅಂತೆ. ಆಗಲಿ, ಬೇಡ ಅನ್ನಲ್ಲ. ಆದರೆ ಕಲ್ಲಿನ ಗೋದಾಮನ್ನೂ ಕೆಡವಬೇಕಾ? ಗೋಡೆ ಎರಡು ಅಡಿ ದಪ್ಪ ಇದೆ, ಒಂದು ಬಿರುಕಿಲ್ಲ. ವಾರದ ಸಂತೆಗೋ ವಾಚನಾಲಯಕ್ಕೋ ಹೇಳಿ ಮಾಡಿಸಿದಂತಿದೆ.

5ನೇ ಕ್ರಾಸ್, ಬೇವಿನ ಮರದ ಎದುರು:
ನಮ್ಮಪ್ಪ ಅಲ್ಲಿ ಹತ್ತಿ ಪ್ರೆಸ್ ಮೇಲೆ ದುಡಿದವರು. ಜಯಧರ ತಳಿಯ ಹತ್ತಿ ತುಂಬಿದ ಚಕ್ಕಡಿಗಳು ನಮ್ಮ ಬಾಗಿಲವರೆಗೂ ಸಾಲು ನಿಲ್ಲುತ್ತಿದ್ದವು. ಮೊನ್ನೆ ಒಳಗೆ ಹೋಗಿದ್ದೆ. ತೊಲೆಯ ಸಂದಿಯಲ್ಲಿ ಇನ್ನೂ ಹತ್ತಿ ಎಳೆ ಸಿಕ್ಕಿಕೊಂಡಿದೆ, ಬೆರಳು ತಾಗಿಸಿದರೆ ಪುಡಿ. ದಯವಿಟ್ಟು ಆ ಗೋದಾಮನ್ನು ಉಳಿಸಿ.

1ನೇ ಕ್ರಾಸ್, ಮಹಡಿ ಮನೆ:
ಅಕ್ಕಾ, ಉಳಿಸೋಣ. ಆದರೆ ಕಟ್ಟೋರ ಬಾಯಿಮಾತು ನಂಬಬೇಡಿ. ಮುಂಬೈಯಲ್ಲಿ ಗಿರಣಿ ಜಾಗಗಳಿಗೆ 1991ರ ನಿಯಮ ಇತ್ತು: ಸುಮಾರು ಮೂರರಲ್ಲಿ ಒಂದು ಪಾಲು ಮೈದಾನ, ಉದ್ಯಾನಕ್ಕೆ ಪಾಲಿಕೆಗೆ, ಹೆಚ್ಚುಕಡಿಮೆ ಅಷ್ಟೇ ಸರ್ಕಾರ ಜನರಿಗೆ ಕಟ್ಟಿಸುವ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿ ಮಾಡಿ, ಮೊದಲಿಂದ ಖಾಲಿ ಇದ್ದ ನೆಲವನ್ನಷ್ಟೇ ಪಾಲಿಗೆ ಲೆಕ್ಕ ಹಿಡಿದರು. ಕಟ್ಟಡ ಕೆಡವಿದ ಜಾಗ ಲೆಕ್ಕಕ್ಕೇ ಬರಲಿಲ್ಲ, ಜನರ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಒಂದು ಮಾತು ಬದಲಾದರೆ ಎಷ್ಟು ಹೋಗುತ್ತೆ ನೋಡಿ. ಇಲ್ಲೂ ಊರಿನ ಪಾಲು ಎಷ್ಟು, ಯಾವ ನೆಲ ಅಂತ ಅನುಮತಿ ಆದೇಶದಲ್ಲೇ ಬರೆಸಬೇಕು.

3ನೇ ಕ್ರಾಸ್, ಮೂಲೆಮನೆ:
ಸರಿ ಅಣ್ಣಾ. ಕೈಗಾರಿಕೆ ಜಾಗವನ್ನು ವಸತಿಗೆ ಬದಲಿಸಬೇಕಾದರೆ ಪೇಪರಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು, 1961ರ ನಗರ ಯೋಜನಾ ಕಾಯ್ದೆಯಲ್ಲಿದೆ. ದಿನಾ ಪೇಪರ್ ನೋಡೋದು ಯಾರು?

5ನೇ ಕ್ರಾಸ್, ಬೇವಿನ ಮರದ ಎದುರು:
ನಾನು ನೋಡ್ತೀನಿ. ದಿನಾ ಬೆಳಿಗ್ಗೆ ಎರಡು ಪೇಪರ್ ಬರುತ್ತವೆ.

4ನೇ ಕ್ರಾಸ್, ಹಿಟ್ಟಿನ ಗಿರಣಿ ಪಕ್ಕ:
ಇನ್ನೊಂದು. ಶೆಡ್ ಮೇಲಿರೋದು ಆಸ್ಬೆಸ್ಟಾಸ್ ಶೀಟು. ಒಡೆದರೆ ಕಣ್ಣಿಗೆ ಕಾಣದ ಎಳೆ ಹಾರಿ ಶ್ವಾಸಕೋಶ ಸೇರುತ್ತೆ, ವರ್ಷಗಳ ಮೇಲೆ ಕ್ಯಾನ್ಸರ್ ತರುತ್ತೆ. ನೀರು ಹೊಡೆದು ಇಡೀ ಶೀಟನ್ನೇ ಇಳಿಸಬೇಕು, ಜೆಸಿಬಿ ತಂದು ಗುದ್ದೋದಲ್ಲ. ಎಣ್ಣೆ ಚೆಲ್ಲಿದ ಮಣ್ಣನ್ನೂ ಮೊದಲು ಟೆಸ್ಟ್ ಮಾಡಿಸಲಿ. ಅಲ್ಲಿ ಮನೆ ಕಟ್ಟೋರ ಮಕ್ಕಳೂ ಆಡಬೇಕಲ್ವಾ?

3ನೇ ಕ್ರಾಸ್, ಮೂಲೆಮನೆ:
ಇದನ್ನೂ ಅರ್ಜಿಗೆ ಸೇರಿಸ್ತೀನಿ. ಭಾನುವಾರ ಬೆಳಿಗ್ಗೆ 10ಕ್ಕೆ ಹನುಮಪ್ಪನ ಗುಡಿ ಕಟ್ಟೆ. ಮನೆಗೊಬ್ಬರು ಸಹಿ ಹಾಕಿ. ಗೋಡೆ ಬಿದ್ದ ಕಡೆ ಇವತ್ತೇ ಮುಳ್ಳುಕಂಟಿ ಇಡೋಣ, ಸಂಜೆ ಇಬ್ಬರು ಬನ್ನಿ.